ಧ್ವನಿಯನ್ನು ಬಿಟ್ಟು ಆರಿಸಿದ ಕಂಪ್ಯೂಟರ್

ಆ ಕಂಪ್ಯೂಟರಿನ ಒಂದೊಂದು ಭಾಗವನ್ನೂ ನಾನೇ ಅಂಗಡಿಯಲ್ಲಿ ನಿಂತು ಆರಿಸಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆಮೇಲೆ ಆದದ್ದಕ್ಕೆ ಒಮ್ಮೆ ಅಂಗಡಿಯವನನ್ನು, ಒಮ್ಮೆ ಕರೆಂಟಿನವರನ್ನು, ಒಮ್ಮೆ ಹಣೆಬರಹವನ್ನು ಬೈಯುವ ಚಟ ನನಗೆ ಇವತ್ತಿಗೂ ಹೋಗಿಲ್ಲ. ತಪ್ಪು ಅವರಾರದೂ ಅಲ್ಲ, ನನ್ನದು. ವಿಡಿಯೋ ಎಡಿಟಿಂಗಿಗೆ ಏನು ಬೇಕು, ಏನು ಬೇಡ ಎಂದು ಚೀಟಿ ಬರೆಯುವಾಗ ಧ್ವನಿ ಬೇಡ ಎಂದವನು ನಾನು. ಅದರಿಂದಾಗಿ ಹುಕ್ಕೇರಿ ಕಡೆಯ ಒಬ್ಬ ತಾಯಿಗೆ, ಮನೆ ಬಿಟ್ಟು ಹೋದ ಮಗಳು ತನಗಾಗಿ ಹೇಳಿಹೋದ ಮಾತು ಕೇಳಲು ಸಿಗದೇ ಹೋಯಿತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಗೋಕಾಕದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಸೈಜಿನ ಫೋಟೋದಿಂದ ದಿನದ ಚಹಾ ಖರ್ಚು ಗಿಟ್ಟುತ್ತಿತ್ತು, ಸಂಸಾರ ನಡೆಯುತ್ತಿದ್ದುದು ಮದುವೆಯ ವಿಡಿಯೋದಿಂದ. ಶೂಟಿಂಗ್ ಮುಗಿದ ಮೇಲೆ ಕ್ಯಾಸೆಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡು ಎಡಿಟಿಂಗಿಗೆ ಬೆಳಗಾವಿಗೆ ಓಡಬೇಕು. ಅಲ್ಲಿ ಎಡಿಟ್ ಮಾಡುವವನು ತನ್ನ ಊರಿನ ಗಿರಾಕಿಗಳದ್ದೆಲ್ಲ ಮುಗಿಸಿ ಆಮೇಲೆ ನಮ್ಮಂಥ ಹೊರಗಿನವರನ್ನು ಒಳಗೆ ಕರೆಯುತ್ತಿದ್ದ. ಒಮ್ಮೆ ಒಬ್ಬ ಹೆಣ್ಣುಮಗಳು ಏಳು ತಿಂಗಳ ಬಸುರಿ, ನನ್ನ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದು, ಬಾಣಂತನಕ್ಕೆ ತವರಿಗೆ ಬಂದೆ, ಮದುವೆ ಕ್ಯಾಸೆಟ್ ಇನ್ನೂ ಬರಲಿಲ್ಲವಲ್ಲ ಎಂದು ಕೇಳಿದಳು. ನನಗೆ ನೆಲ ಬಿರಿದು ಒಳಗೆ ಹೋಗಬೇಕೆನಿಸಿತು. ನನ್ನದೇ ಕಂಪ್ಯೂಟರ್ ಇರಬೇಕು ಎಂದು ಅವತ್ತೇ ನಿಶ್ಚಯಿಸಿದೆ.

ನಿಶ್ಚಯಿಸುವುದು ಸುಲಭ. ಕಂಪ್ಯೂಟರ್ ಬಗ್ಗೆ ನನಗೆ ಗೊತ್ತಿದ್ದದ್ದು ಅದರ ಮೇಲೆ ಧೂಳು ಕೂರಬಾರದು ಎಂಬುದಷ್ಟೇ. ಗೋಕಾಕದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಒಬ್ಬ ಮಾಸ್ತರರು ಭಾಗಗಳನ್ನು ತಂದು ಜೋಡಿಸಿಯೂ ಕೊಡುತ್ತಿದ್ದರು. ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡು ಅವರ ಹತ್ತಿರ ಹೋದೆ. ಮಾಸ್ತರರು ಕರದಂಟು ತಿನ್ನುತ್ತಲೇ ಒಂದು ಹಾಳೆಯ ಮೇಲೆ ಪಟ್ಟಿ ಬರೆದರು: ಪ್ರೊಸೆಸರು, ಮದರ್‌ಬೋರ್ಡು, ರ್‍ಯಾಮು, ಹಾರ್ಡ್ ಡಿಸ್ಕು, ಸಿಡಿ ಬರೆಯುವ ರೈಟರು, ಮತ್ತು ಕ್ಯಾಸೆಟ್ಟಿನಲ್ಲಿರುವುದನ್ನು ಕಂಪ್ಯೂಟರಿನೊಳಕ್ಕೆ ಎಳೆದುಕೊಳ್ಳುವ ಕ್ಯಾಪ್ಚರ್ ಕಾರ್ಡು. ಬರೆದ ಮೇಲೆ ನನ್ನ ಕೈಯಲ್ಲಿರುವುದೆಷ್ಟು ಎಂದು ಕೇಳಿದರು. ಹೇಳಿದೆ. ಅವರು ಪೆನ್ನಿನ ಟೋಪಿ ಮುಚ್ಚಿದರು.

ಆಮೇಲಿನ ಹದಿನೈದು ದಿನ ನಾನು ಮನುಷ್ಯನಾಗಿ ಉಳಿಯಲಿಲ್ಲ. ಊಟಕ್ಕೆ ಕೂತಾಗ ರ್‍ಯಾಮು, ಸ್ನಾನಕ್ಕೆ ಹೋದಾಗ ಪ್ರೊಸೆಸರು. ಒಂದನ್ನು ದೊಡ್ಡದು ಮಾಡಿದರೆ ಇನ್ನೊಂದು ಸಣ್ಣದಾಗುತ್ತಿತ್ತು. ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲ. ನನ್ನ ಹೆಂಡತಿ ಎರಡು ದಿನ ತಾಳಿದಳು, ಮೂರನೇ ದಿನ, ನನ್ನನ್ನು ಮದುವೆಯಾಗುವ ಮುಂದೆ ಇಷ್ಟು ವಿಚಾರ ಮಾಡಿದ್ದಿರೇನು ಎಂದಳು. ನಾನು ಪಟ್ಟಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡೆ.

ಕೊನೆಗೆ ಎಲ್ಲ ಇಳಿದು ಬಂದು ನಿಂತದ್ದು ಎರಡು ವಸ್ತುಗಳ ಮೇಲೆ. ಚಿತ್ರ ಮತ್ತು ಧ್ವನಿ ಎರಡನ್ನೂ ತಾನೇ ಒಳಗೆ ತೆಗೆದುಕೊಳ್ಳುವ ಒಳ್ಳೆಯ ಕ್ಯಾಪ್ಚರ್ ಕಾರ್ಡು ತಂದರೆ ಹಾರ್ಡ್ ಡಿಸ್ಕು ಸಣ್ಣದು ತರಬೇಕು. ದೊಡ್ಡ ಡಿಸ್ಕು ಬೇಕೆಂದರೆ ಚಿತ್ರವನ್ನಷ್ಟೇ ತೆಗೆದುಕೊಳ್ಳುವ ಅಗ್ಗದ ಕಾರ್ಡಿಗೆ ತೃಪ್ತಿಪಡಬೇಕು. ಅದಕ್ಕೆ ಧ್ವನಿ ಬೇರೆ ವೈರಿನಿಂದ ಮದರ್‌ಬೋರ್ಡಿಗೆ ಹೋಗುತ್ತದೆ. ಎರಡೂ ಸರಿಯಾಗಿ ಕೂಡುತ್ತವೆ ಎಂಬ ಖಾತ್ರಿ ಇಲ್ಲ ಎಂದು ಮಾಸ್ತರರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿದರು.

ನಾನು ದೊಡ್ಡ ಡಿಸ್ಕನ್ನು ಆರಿಸಿದೆ. ಅದಕ್ಕೆ ಕಾರಣ ಆಹೇರಿ. ನಮ್ಮ ಕಡೆ ಮದುವೆಯಲ್ಲಿ ಬೀಗರು ಬಿಜ್ಜರು, ಓಣಿಯವರು ಒಬ್ಬೊಬ್ಬರಾಗಿ ಬಂದು ಉಡುಗೊರೆ ಕೊಡುತ್ತಾರಲ್ಲ, ಆ ಆಹೇರಿ ತಾಳಿ ಕಟ್ಟುವುದಕ್ಕಿಂತ ಉದ್ದ. ಅದರಲ್ಲಿ ಒಬ್ಬರ ಮುಖವನ್ನೂ ಕತ್ತರಿಸುವಂತಿಲ್ಲ. ಸೀರೆ ಕೊಟ್ಟ ಸೋದರತ್ತೆ ವಿಡಿಯೋದಲ್ಲಿ ಕಾಣದಿದ್ದರೆ ಸಂಬಂಧವೇ ಮುರಿಯುತ್ತದೆ, ಮುರಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ನಮ್ಮ ಮದುವೆಗಳು ಮೂರು ತಾಸಿನವು, ಅವು ಹಿಡಿಸಬೇಕೆಂದರೆ ಡಿಸ್ಕು ದೊಡ್ಡದು ಬೇಕು. ಧ್ವನಿಯ ಮಾತು ಬಂದರೆ, ಮದುವೆಯ ಧ್ವನಿ ಯಾರಿಗೆ ಬೇಕಾಗಿತ್ತು? ಬ್ಯಾಂಡಿನವರ ಗದ್ದಲ, ಊಟಕ್ಕೆ ಏಳಿ ಎಂಬ ಕೂಗು, ಹಸುಗೂಸುಗಳ ಅಳು. ಅದನ್ನೆಲ್ಲ ತೆಗೆದು ಸಿನಿಮಾ ಹಾಡು ಹಚ್ಚುವುದೇ ನಮ್ಮ ಕಸುಬು. ಹಾಡು ಚಲೋ ಇದ್ದರೆ ಎಡಿಟಿಂಗ್ ಚಲೋ ಎಂದು ಜನ ಹೊಗಳುತ್ತಿದ್ದರು.

ಬೆಳಗಾವಿಯ ಅಂಗಡಿಯಲ್ಲಿ ಕೊನೆ ಗಳಿಗೆಯಲ್ಲಿ ಮಾಸ್ತರರು ಮತ್ತೊಮ್ಮೆ ಆ ಒಳ್ಳೆಯ ಕಾರ್ಡನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ. ಅವರು ಅದನ್ನು ಕೆಳಗಿಟ್ಟರು.

ಜೋಡಿಸಿದ ಮೊದಲ ವಾರದಲ್ಲೇ ಅದರ ಗುಣ ತಿಳಿಯಿತು. ಧ್ವನಿ ಚಿತ್ರ ಎರಡನ್ನೂ ಎಳೆದುಕೊಳ್ಳುವಷ್ಟು ದಮ್ಮು ನಮ್ಮ ಅಗ್ಗದ ಪ್ರೊಸೆಸರಿಗೆ ಇರಲಿಲ್ಲ. ಮದುಮಗಳು ನಡೆಯುತ್ತ ನಡೆಯುತ್ತ ಗಕ್ಕನೆ ನಿಲ್ಲುವಳು, ಮತ್ತೆ ಎರಡು ಹೆಜ್ಜೆ ಆಚೆ ಹೋಗಿ ಕಾಣಿಸಿಕೊಳ್ಳುವಳು. ಮಾಸ್ತರರನ್ನು ಕರೆತಂದೆ. ಅವರು ಬಹಳ ಹೊತ್ತು ಒದ್ದಾಡಿ, ಕೊನೆಗೆ ಧ್ವನಿ ಎಂಬುದರ ಮುಂದಿದ್ದ ಸಣ್ಣ ಚೌಕದೊಳಗಿನ ಟಿಕ್ ಗುರುತನ್ನು ತೆಗೆದುಬಿಟ್ಟರು. ಚಿತ್ರ ನೀರು ಹರಿದ ಹಾಗೆ ಬರತೊಡಗಿತು.

“ಹೆಂಗೂ ಹಾಡ ಹಚ್ಚತೀರಲ್ರಿ,” ಎಂದರು.

ಹೌದಲ್ಲ ಎಂದು ನಾನು ನಕ್ಕೆ. ಅವತ್ತಿನಿಂದ ಆ ಚೌಕಕ್ಕೆ ನಾನು ಕೈ ಹಚ್ಚಲಿಲ್ಲ. ಎರಡು ಸೀಜನ್ನು ಮದುವೆಗಳೆಲ್ಲ ಮೂಕವಾಗಿಯೇ ಒಳಗೆ ಬಂದವು, ಹಾಡು ಹಚ್ಚಿಕೊಂಡು ಹೊರಗೆ ಹೋದವು. ಕಂಪ್ಯೂಟರಿಗೆ ಏರಿದ ಮೇಲೆ ಕ್ಯಾಸೆಟ್ಟು ಖಾಲಿಯಾದಂತೆಯೇ ಲೆಕ್ಕ. ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಮದುವೆ. ಹೊಸ ಕ್ಯಾಸೆಟ್ಟು ದುಬಾರಿ, ನಮ್ಮ ಕಸುಬಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು.

ಎರಡನೇ ವರ್ಷದ ಬೇಸಿಗೆಯಲ್ಲಿ ಘೋಡಗೇರಿಯ ಆಚೆಯ ಒಂದು ಊರಿನಿಂದ ಜೈನ ಮನೆತನದ ರೈತರೊಬ್ಬರು ಸ್ಟುಡಿಯೋಕ್ಕೆ ಬಂದರು. ಮದುವೆ ಯಾವಾಗ ಕಾಕಾ ಎಂದು ಡೈರಿ ತೆಗೆದೆ. ಮದುವೆಯಲ್ಲ, ಮಗಳು ದೀಕ್ಷೆ ತೆಗೆದುಕೊಳ್ಳುತ್ತಾಳೆ ಎಂದರು. ದೀಕ್ಷೆಯ ಸಮಾರಂಭ ಕೊಲ್ಲಾಪುರದ ಕಡೆ, ಅಲ್ಲಿ ಸಂಘದವರೇ ಶೂಟಿಂಗ್ ಮಾಡುತ್ತಾರೆ. ನನಗೆ ಕೆಲಸ ಇದ್ದುದು ಆಕೆ ಮನೆಯಲ್ಲಿರುವ ಕೊನೆಯ ಎರಡು ದಿನ. ಅದು ಮನೆಯವಳ ಆಸೆ ಎಂದು ಹೇಳುವಾಗ ಅವರು ನನ್ನ ಗೋಡೆಯ ಮೇಲಿನ ಫೋಟೋಗಳನ್ನು ನೋಡುತ್ತಿದ್ದರು.

ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಗೋಕಾಕದ ಕಾಲೇಜಿನಲ್ಲಿ ಓದಿದವಳು, ಚೂಟಿ, ಮಾತಿಗೊಮ್ಮೆ ನಗುತ್ತಿದ್ದಳು. ಮದುಮಗಳಂತೆ ಸಿಂಗಾರ ಮಾಡಿ ಮನೆಮನೆಗೆ ಕರೆದು ಆಕೆಗೆ ಬೇಕಾದ ಅಡುಗೆ ಮಾಡಿ ಉಣಿಸಿದರು, ಉಡಿ ತುಂಬಿದರು, ಮೆರವಣಿಗೆ ಮಾಡಿದರು. ಮದುವೆಗೂ ಇದಕ್ಕೂ ಇದ್ದ ವ್ಯತ್ಯಾಸ ಒಂದೇ. ಮದುವೆಯಾದ ಮಗಳು ನಾಗರ ಪಂಚಮಿಗೆ ತವರಿಗೆ ಬರುತ್ತಾಳೆ. ಇವಳು ಬರುವುದಿಲ್ಲ. ಯಾವುದಾದರೂ ಊರಲ್ಲಿ ಕಂಡರೂ ಹೆತ್ತವಳೇ ಆಕೆಗೆ ಕೈಮುಗಿಯಬೇಕು, ಮಾತಾಜಿ ಎನ್ನಬೇಕು, ಆಕೆ ಅವ್ವಾ ಎನ್ನುವುದಿಲ್ಲ.

ಆ ತಾಯಿಯನ್ನು ನಾನು ಕಾಕೂ ಎಂದು ಕರೆಯುತ್ತಿದ್ದೆ. ಎರಡು ದಿನವೂ ಅವರು ಅಡುಗೆಮನೆ ಬಿಟ್ಟು ಹೊರಗೆ ಬಂದದ್ದು ಕಡಿಮೆ. ಹೂರಣ ರುಬ್ಬಿದರು, ಹೋಳಿಗೆ ಮಾಡಿದರು, ಎಲ್ಲರಿಗೂ ಉಂಡಿರೇನು ಎಂದು ಕೇಳಿದರು. ಪುಣ್ಯದ ಕೆಲಸದಲ್ಲಿ ಕಣ್ಣೀರು ಹಾಕಬಾರದು ಎಂದು ಹಿರಿಯರು ಹೇಳಿದ್ದರಂತೆ. ಅವರು ಕಣ್ಣೀರು ಹಾಕಲಿಲ್ಲ, ಒಲೆಯ ಮುಂದಿನಿಂದ ಏಳಲೂ ಇಲ್ಲ.

ಹೊರಡುವ ದಿನ ಮುಂಜಾನೆ ಹುಡುಗಿ ನನ್ನನ್ನು ಹಿತ್ತಲಿಗೆ ಕರೆದಳು. ಬೇರೆ ಯಾರೂ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

“ಅಣ್ಣಾರ, ಅವ್ವಗ ಒಂದೀಟ ಹೇಳೂದೈತಿ. ಆಕಿ ಮುಂದ ನಿಂತರ ನನಗೂ ಆಗಾಂಗಿಲ್ಲ, ಆಕಿಗೂ ಆಗಾಂಗಿಲ್ಲ. ಇದರಾಗ ಹೇಳಿಬಿಡ್ತೇನಿ.”

ನಾನು ಕ್ಯಾಮೆರಾ ಚಾಲೂ ಮಾಡಿದೆ. ಆಕೆ ನಾಲ್ಕು ನಿಮಿಷ ಮಾತಾಡಿದಳು. ನಡುವೆ ಒಮ್ಮೆ ನಕ್ಕಳು, ಒಮ್ಮೆ ಬಾವಿಯ ಕಡೆ ಕೈ ತೋರಿಸಿದಳು. ನನಗೆ ನೆನಪಿರುವುದು ಏನು ಗೊತ್ತೇ? ಬೇವಿನ ಗಿಡದ ಸಂದಿನಿಂದ ಬಿಸಿಲು ಆಕೆಯ ಮುಖದ ಅರ್ಧಕ್ಕೆ ಬೀಳುತ್ತಿತ್ತು. ಬ್ಯಾಟರಿಯ ಕೆಂಪು ದೀಪ ಮಿಣುಕಲು ಶುರುವಾಗಿತ್ತು. ಸ್ಟ್ಯಾಂಡಿನ ಒಂದು ಕಾಲು ಹಸಿಮಣ್ಣಿನಲ್ಲಿ ಇಳಿಯುತ್ತಿತ್ತು, ಅದನ್ನು ನಾನು ಪಾದದಿಂದ ಒತ್ತಿ ಹಿಡಿದಿದ್ದೆ. ಇಷ್ಟೇ. ಮೂರು ಮಾರು ದೂರದಲ್ಲಿ ನಿಂತು ಕೇಳಿಸಿಕೊಂಡ ಮಾತು, ಒಂದಕ್ಷರ ತಲೆಯೊಳಗೆ ಹೋಗಲಿಲ್ಲ. ಹೋಗಬೇಕೆಂದು ನನಗೆ ಅನಿಸಲೂ ಇಲ್ಲ. ಕ್ಯಾಸೆಟ್ಟಿನಲ್ಲಿ ಇದೆಯಲ್ಲ!

ಜೀಪು ಹೊರಡುವಾಗ ಹುಡುಗಿ ಅಡುಗೆಮನೆಯ ಬಾಗಿಲ ತನಕ ಹೋಗಿ, ನಿನಗೆ ಹೇಳುವುದನ್ನು ಕ್ಯಾಸೆಟ್ಟಿನಲ್ಲಿ ಹೇಳಿದ್ದೇನೆ, ಅದು ಕೈಗೆ ಬಂದ ಮೇಲೆ ನೋಡು ಎಂದಳು. ಕಾಕೂ ಹಿಟ್ಟಿನ ಕೈಯಲ್ಲೇ ತಲೆಯಾಡಿಸಿದರು.

ಮರುದಿನ ಮೂಡಲಗಿಯಲ್ಲಿ ಮದುವೆ ಹಿಡಿದಿದ್ದೆ. ಜೀಪು ಹೋದ ದಿನವೇ ಸಂಜೆ ಗೋಕಾಕಕ್ಕೆ ಬಂದವನು ನೋಡಿದರೆ ಖಾಲಿ ಕ್ಯಾಸೆಟ್ಟು ಒಂದೂ ಇಲ್ಲ. ಎಂದಿನಂತೆ ದೀಕ್ಷೆಯ ಕ್ಯಾಸೆಟ್ಟನ್ನು ಹಾಕಿ ಕಂಪ್ಯೂಟರಿಗೆ ಏರಿಸಿದೆ. ಪರದೆಯ ಮೇಲೆ ಹುಡುಗಿ ಸದ್ದಿಲ್ಲದೆ ಓಡಾಡಿದಳು, ಸದ್ದಿಲ್ಲದೆ ಉಂಡಳು, ಕಲ್ಲಿನ ಮೇಲೆ ಕೂತು ಸದ್ದಿಲ್ಲದೆ ತುಟಿ ಅಲುಗಿಸಿದಳು. ನನಗೆ ಏನೂ ಅನಿಸಲಿಲ್ಲ. ಎರಡು ವರ್ಷದಿಂದ ನನ್ನ ಪರದೆಯ ಮೇಲೆ ಎಲ್ಲರೂ ಹಾಗೇ ಇದ್ದರು. ಕ್ಯಾಸೆಟ್ಟು ತೆಗೆದು ಚೀಲಕ್ಕೆ ಹಾಕಿದೆ. ಮಾರನೇ ದಿನ ಮೂಡಲಗಿಯಲ್ಲಿ ಅದರ ಮೇಲೆ ಅಕ್ಷತೆ ಬಿತ್ತು.

ನಾನು ಏನು ಮಾಡಿಬಿಟ್ಟೆ ಎಂಬುದು ನನಗೆ ತಿಳಿದದ್ದು ಹದಿನೈದು ದಿನದ ಮೇಲೆ, ಎಡಿಟಿಂಗಿಗೆ ಕೂತಾಗ. ಕಲ್ಲಿನ ಮೇಲಿನ ಆ ಭಾಗಕ್ಕೆ ಹಾಡು ಬೇಡ, ಮಾತೇ ಇರಲಿ ಎಂದು ಸ್ಪೀಕರಿನ ತಿರುವು ತಿರುಗಿಸಿದೆ. ಇನ್ನೂ ತಿರುಗಿಸಿದೆ. ವೈರು ಸಡಿಲಾಗಿದೆಯೇ ಎಂದು ಕಂಪ್ಯೂಟರಿನ ಹಿಂದೆ ಕೈಹಾಕಿದೆ. ಆಗ ಆ ಸಣ್ಣ ಚೌಕ ಕಣ್ಣ ಮುಂದೆ ಬಂತು.

ಮಾಸ್ತರರ ಹತ್ತಿರ ಓಡಿದೆ. ಡಿಸ್ಕಿನ ಮೂಲೆಯಲ್ಲಿ ಎಲ್ಲಾದರೂ ಧ್ವನಿ ಇರಬಹುದೇನು ಎಂದು ಕೇಳಿದೆ. ಒಳಗೆ ಬರದೇ ಇದ್ದದ್ದು ಎಲ್ಲಿಂದ ಸಿಗಬೇಕು ಎಂದು ಅವರು ಸಮಾಧಾನದಿಂದಲೇ ಹೇಳಿದರು. ನನಗೆ ಅವರ ಮೇಲೆ ಸಿಟ್ಟು ಬಂತು. ಟಿಕ್ ತೆಗೆದವರು ನೀವೇ ಅಲ್ಲವೇ ಎಂದು ಒದರಿದೆ. ಬೆಳಗಾವಿಯ ಅಂಗಡಿಯಲ್ಲಿ ಅವರು ಆ ಒಳ್ಳೆಯ ಕಾರ್ಡನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ್ದರೆಂಬುದು ನನಗೂ ನೆನಪಿತ್ತು, ಅವರಿಗೂ ನೆನಪಿತ್ತು.

ಉಳಿದದ್ದು ಒಂದೇ ಆಸೆ. ಮೂಡಲಗಿಯ ಮದುವೆ ಕ್ಯಾಸೆಟ್ಟಿನ ಕೊನೆಯವರೆಗೆ ಹೋಗಿರದಿದ್ದರೆ, ಹುಡುಗಿಯ ಮಾತು ಬಾಲದಲ್ಲಿ ಉಳಿದಿರಬಹುದು. ಆಕೆ ಮಾತಾಡಿದ್ದು ಕಡೆಯ ದಿನವಲ್ಲವೇ? ಆ ಮದುವೆಯ ಮೂಲ ಕ್ಯಾಸೆಟ್ಟು ಪುಣ್ಯಕ್ಕೆ ಇನ್ನೂ ನನ್ನ ಹತ್ತಿರ ಇತ್ತು. ಹಾಕಿದೆ. ತಾಳಿ ಕಟ್ಟಿದರು, ಊಟ ಆಯಿತು, ಆಹೇರಿ ಶುರುವಾಯಿತು. ಪಾತ್ರೆ, ಸೀರೆ, ಗೋಡೆ ಗಡಿಯಾರ, ಮತ್ತೆ ಪಾತ್ರೆ. ಇವರ ಬಳಗ ಇಷ್ಟು ದೊಡ್ಡದೇಕೆ ಎಂದು ಗುರುತಿಲ್ಲದ ಜನರನ್ನು ನಾನು ಬೈದೆ. ಒಬ್ಬ ಅಜ್ಜ ಟೋಪಿ, ತಲೆಗೆ ಸುತ್ತುವ ಮಡಿಚಿದ ಪಟಕಾ ಹಿಡಿದು ಮದುಮಗನ ಕಡೆ ಬರುತ್ತಿದ್ದ. ಅವನು ತಲುಪುವುದರೊಳಗೆ ಕ್ಯಾಸೆಟ್ಟು ಮುಗಿದು ಕಟ್ ಎಂದು ನಿಂತಿತು.

ಕಾಕೂ ಮೂರು ಸಲ ಬಸ್ಸು ಹಿಡಿದು ಗೋಕಾಕಕ್ಕೆ ಬಂದರು. ಮೊದಲ ಸಲ ಕರೆಂಟ್ ಇಲ್ಲ ಎಂದೆ. ಎರಡನೇ ಸಲ ಮಷೀನು ರಿಪೇರಿಗೆ ಹೋಗಿದೆ ಎಂದೆ. ಮೂರನೇ ಸಲ ದೂರದಿಂದಲೇ ನೋಡಿ, ಒಳಗಿನ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಇಷ್ಟು ವಯಸ್ಸಾದ ಗಂಡಸು ನಾನು. ಅವರು ಬೆಂಚಿನ ಮೇಲೆ ಒಂದು ತಾಸು ಕೂತಿದ್ದರಂತೆ, ಆಮೇಲೆ ಹುಕ್ಕೇರಿ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರಂತೆ. ಅವತ್ತು ನನ್ನ ಹೆಂಡತಿ ಊಟದ ತಾಟನ್ನು ನನ್ನ ಮುಂದೆ ಕುಕ್ಕಿ ಹೋದಳು.

ಕೊನೆಗೆ ನಾನು ಮಾಡಿದ್ದೇನು? ನನಗೆ ಬರುವುದನ್ನೇ ಮಾಡಿದೆ. ಇಡೀ ಚಿತ್ರಕ್ಕೆ ಒಂದು ಭಕ್ತಿಗೀತೆ ಹಚ್ಚಿ, ಕಲ್ಲಿನ ಮೇಲಿನ ಭಾಗಕ್ಕೂ ಅದನ್ನೇ ಎಳೆದು, ಸಿಡಿ ಬರೆದುಕೊಂಡು ಅವರ ಊರಿಗೆ ಹೋದೆ. ಹಾಡಿನ ಗುಂಗಿನಲ್ಲಿ ಗೊತ್ತಾಗಲಿಕ್ಕಿಲ್ಲ ಎಂದು ನನ್ನ ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು. ಪಡಸಾಲೆಯಲ್ಲಿ ಹೊಸ ಸಿಡಿ ಪ್ಲೇಯರ್ ಇತ್ತು. ಇದಕ್ಕೆಂದೇ ತಂದದ್ದು ಎಂದು ಕಾಕಾ ಹೇಳಿದರು. ಕಾಕೂ ಕೈ ತೊಳೆದುಕೊಂಡು ಬಂದು, ಟಿವಿಯ ಮುಂದೆ ಚಾಪೆ ಹಾಸಿಕೊಂಡು ಕೂತರು. ಮೆರವಣಿಗೆ ಹೋಯಿತು, ಉಡಿ ತುಂಬಿದರು. ಅವರು ಹಿತ್ತಲಿಗಾಗಿ ಕಾಯುತ್ತಿದ್ದರು. ಹಿತ್ತಲು ಬಂತು. ಮಗಳು ಬಾಯಿ ತೆಗೆದಳು, ಹಾಡು ಕೇಳಿತು.

“ತಮ್ಮಾ, ಆಕಿ ಮಾತಾಡಾಕತ್ತಾಳ. ಈ ಹಾಡ ಯಾಕ ಹಚ್ಚೀದಿ?”

ಹೇಳಿದೆ. ಕಾರ್ಡು, ಚೌಕ, ಮೂಡಲಗಿ ಎಲ್ಲವನ್ನೂ ಹೇಳಿದೆ. ಅವರಿಗೆ ಅದರಲ್ಲಿ ಎಷ್ಟು ತಿಳಿಯಿತೋ ನನಗೆ ಗೊತ್ತಿಲ್ಲ. ಮಾತು ಇಲ್ಲ ಎಂಬುದೊಂದು ತಿಳಿಯಿತು. ಕಾಕಾ ಎದ್ದು ಹೊರಗೆ ಹೋದರು. ಬೈದಿದ್ದರೆ, ಎರಡು ಏಟು ಹೊಡೆದಿದ್ದರೆ ನಾನು ಬದುಕುತ್ತಿದ್ದೆ. ಮಾತಾಜಿಯವರನ್ನೇ ಒಮ್ಮೆ ಕೇಳಿಕೊಂಡು ಬರುತ್ತೇನೆ, ಎಲ್ಲಿದ್ದರೂ ಹೋಗುತ್ತೇನೆ ಎಂದೆ. ಕಾಕೂ ಬೇಡವೆಂದರು. ಬಿಟ್ಟುಹೋದ ಮನೆಯ ಮಾತನ್ನು ಈಗ ಅವರಿಂದ ಕೇಳಿದರೆ ಅವರ ವ್ರತಕ್ಕೆ ಅಡ್ಡ ಬಂದಂತೆ, ಆ ಪಾಪ ನನಗೆ ಬೇಡ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀ ಅಲ್ಲೇ ನಿಂತಿದ್ದೆಲ್ಲೋ. ಏನಂದ್ಲು? ನೆನಪಿದ್ದಷ್ಟ ಹೇಳು.”

ನನಗೆ ಬಿಸಿಲು ನೆನಪಿತ್ತು, ಕೆಂಪು ದೀಪ ನೆನಪಿತ್ತು. ಅವರ ಮುಖ ನೋಡಿ ಅದನ್ನು ಹೇಳಲಾಗಲಿಲ್ಲ. ಸುಳ್ಳು ಹೇಳಿದೆ. ಅವ್ವಾ ನೀ ಅಳಬೇಡ, ಸಂಸಾರ ಅನ್ನುವುದೆಲ್ಲ ಮಾಯೆ, ನನ್ನ ಆತ್ಮದ ಕಲ್ಯಾಣಕ್ಕೆ ಹೊರಟಿದ್ದೇನೆ, ನನ್ನನ್ನು ಹರಸು ಎಂದು ಹೇಳಿದರು ಎಂದೆ. ನನಗೇ ನಿಜವೆನಿಸುವಷ್ಟು ಚೆಂದ ಹೇಳಿದೆ.

ಕಾಕೂ ಪೂರ್ತಿ ಕೇಳಿಸಿಕೊಂಡರು.

“ಆಕಿ ಹಂಗ ಮಾತಾಡಾಕಿ ಅಲ್ಲೋ ತಮ್ಮಾ,” ಎಂದರು. “ಇರ್ಲಿ ಬಿಡು. ಆ ಹಾಡ ಒಂದ ತಗದ ಕೊಡು.”

ನಾನು ತಲೆ ತಗ್ಗಿಸಿ ಎದ್ದೆ. ಚಹಾ ಕುಡಿಯದೆ ಹೋಗಬೇಡ ಎಂದು ಕೂರಿಸಿದರು.

ನಾಲ್ಕು ದಿನದ ಮೇಲೆ ಹಾಡಿಲ್ಲದ ಸಿಡಿ ತೆಗೆದುಕೊಂಡು ಮತ್ತೆ ಹೋದೆ. ಕೊಟ್ಟು ಹಾಗೇ ಬಂದುಬಿಡಬೇಕೆಂದು ಲೆಕ್ಕ ಹಾಕಿದ್ದೆ. ಕಾಕಾ ಹೊಲಕ್ಕೆ ಹೋಗಿದ್ದರು. ಹಿತ್ತಲಿನ ಭಾಗಕ್ಕೆ ನೇರ ಹೋಗುವುದು ಹೇಗೆಂದು ಕಾಕೂಗೆ ತಿಳಿಯದ್ದರಿಂದ ನಾನೇ ಹಚ್ಚಿಕೊಟ್ಟು ಗೋಡೆಗೆ ಒರಗಿ ಕೂತೆ. ಟಿವಿಯಲ್ಲಿ ಹುಡುಗಿ ಸೆರಗು ಸರಿಮಾಡಿಕೊಂಡು ಮಾತಿಗೆ ತೊಡಗಿದಳು. ಮನೆಯಲ್ಲಿ ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನೋಡಲಾರದೆ ನೆಲದ ಕಡೆ ಕಣ್ಣು ಹಾಕಿದೆ.

ಸ್ವಲ್ಪ ಹೊತ್ತಿಗೆ ಕಾಕೂನ ದನಿ ಕೇಳಿತು. ನನ್ನನ್ನೇ ಏನೋ ಕೇಳುತ್ತಿದ್ದಾರೆಂದು ತಲೆ ಎತ್ತಿದೆ. ಅವರು ನನ್ನ ಕಡೆ ನೋಡಿರಲಿಲ್ಲ. ಮಗಳ ತುಟಿ ನಿಂತಲ್ಲೆಲ್ಲ “ಹೂಂ” ಎನ್ನುತ್ತಿದ್ದರು. ಆಕೆ ಮತ್ತೆ ಬಾಯಿ ತೆಗೆದರೆ ಸುಮ್ಮನಾಗಿ ಕಾಯುತ್ತಿದ್ದರು. ಆಕೆ ಬಾವಿಯ ಕಡೆ ಕೈ ತೋರಿಸಿದಾಗ ಕುತ್ತಿಗೆ ಹೊರಳಿಸಿ ಹಿತ್ತಲ ಬಾಗಿಲ ಕಡೆ ನೋಡಿ, “ಹೂಂ, ಆತು” ಎಂದರು.

ನಾಲ್ಕು ನಿಮಿಷ ಮುಗಿದವು. ರಿಮೋಟನ್ನು ನನ್ನ ಕೈಗೆ ಕೊಟ್ಟು, ಮೊದಲಿನಿಂದ ಹಚ್ಚು ಎಂದರು.